ಕುಳಗಿ ಮಂಗದ ಬಿಳಿಕಣಗಳು

ಕೋವಿಡ್ ಗದ್ದಲ ಅಡಗಿದ ಮರುವರ್ಷದ ಮಾತು. ಆಗ ನಾನು ದಾಂಡೇಲಿಯ ಒಂದು ಸಣ್ಣ ರಕ್ತಪರೀಕ್ಷಾ ಲ್ಯಾಬಿನಲ್ಲಿ ಹಿರಿಯ ಟೆಕ್ನಿಶಿಯನ್ ಆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುವುದು, ಫ್ರಿಜ್ಜಿನ ಉಷ್ಣಾಂಶ ಬರೆದಿಡುವುದು, ಖಾಲಿ ಹೊಟ್ಟೆಯಲ್ಲಿ ಬಂದ ಸಕ್ಕರೆ ಕಾಯಿಲೆಯವರ ರಕ್ತ ತೆಗೆದು ಬೇಗ ಚಹಾಕ್ಕೆ ಕಳಿಸುವುದು ನನ್ನ ದಿನಚರಿ. ಅದರಲ್ಲಿ ಮಂಗಗಳಿಗೆ ಜಾಗವಿರಲಿಲ್ಲ.

ಆ ಮಾರ್ಚಿನಲ್ಲಿ ಪಶುವೈದ್ಯ ಡಾ. ಇರ್ಫಾನ್ ಒಂದು ಥರ್ಮೊಕೋಲ್ ಡಬ್ಬಿ ಹಿಡಿದು ಬಂದರು. ಅನಮೋಡದ ರಸ್ತೆಯಲ್ಲಿ ಗಾಡಿ ಬಡಿದು ಬಿದ್ದ ತಾಯಿಮಂಗವೊಂದನ್ನು ಅವರು ಕುಳಗಿಯ ಅರಣ್ಯ ಶಿಬಿರದಲ್ಲಿ ಉಪಚರಿಸುತ್ತಿದ್ದರು. ಅದರ ಎದೆಗೆ ಎಳೆಯ ಮರಿಯೊಂದು ಅಂಟಿಕೊಂಡಿತ್ತು. ಸೊಂಟದ ಗಾಯ ಮೇಲ್ನೋಟಕ್ಕೆ ಮಾಗಿದ್ದರೂ ಮೂರು ವಾರದಿಂದ ಜ್ವರ ಇಳಿದಿರಲಿಲ್ಲ. ಮಂಗನ ಕಾಯಿಲೆ ಅಲ್ಲವೆಂದು ಮೊದಲೇ ಖಾತ್ರಿ ಮಾಡಿಕೊಂಡಿದ್ದರು.

“ರೋಗ ತಡಿಯೋ ಶಕ್ತಿನ ಹೋಗೇತೇನೋ ಅಂತ ಸಂಶಯ ಐತ್ರಿ ಮೇಡಂ. ಈ ರಕ್ತ ಧಾರವಾಡಕ್ಕ ಕಳಸೂಣು. ಆದ್ರ ಅಲ್ಲಿ ಇರೋದು ಮನಷ್ಯಾರ ಕಿಟ್. ಮಂಗ್ಯಾಗ ನಡೀತೈತೇನ್ರೀ?”

ಧಾರವಾಡದ ಆ ಲ್ಯಾಬಿನಲ್ಲಿದ್ದದ್ದು ಫ್ಲೋ ಸೈಟೋಮೀಟರ್. ಬಿಳಿ ರಕ್ತಕಣಗಳ ಮೈಮೇಲೆ ಬಗೆಬಗೆಯ ಪ್ರೋಟೀನುಗಳಿರುತ್ತವೆ. ಅವುಗಳಿಗೆ ಸಿಡಿ4, ಸಿಡಿ8, ಸಿಡಿ45 ಎಂದು ನಂಬರಿನ ಹೆಸರು. ಒಂದೊಂದಕ್ಕೂ ಹೋಗಿ ಅಂಟಿಕೊಳ್ಳುವ, ಕಿಟ್ಟಿನಲ್ಲಿ ಬರುವ ಬಣ್ಣದ ಆಂಟಿಬಾಡಿ ಹಾಕಿದರೆ, ಯಾವ ಜಾತಿಯ ಕಣ ಎಷ್ಟಿದೆಯೆಂದು ಯಂತ್ರ ಎಣಿಸುತ್ತದೆ. ಸಿಡಿ45 ಎಲ್ಲ ಬಿಳಿಕಣಗಳಿಗೂ ಇರುವ ಗುರುತು. ಅದು ಕಂಡರೆ ಮಾತ್ರ ಉಳಿದ ಲೆಕ್ಕ.

ಈ ಗುರುತುಗಳು ವಿಕಾಸದ ದಾರಿಯಲ್ಲಿ ಮಂಗನಿಂದ ಮನುಷ್ಯನವರೆಗೆ ಹೆಚ್ಚುಕಡಿಮೆ ಹಾಗೇ ಉಳಿದುಕೊಂಡು ಬಂದಿವೆ ಎಂದು ತರಬೇತಿಯಲ್ಲಿ ಕೇಳಿದ್ದೆ. ಅಷ್ಟನ್ನೇ ನಂಬಿ, “ನಡೀತೈತ್ರಿ ಸರ್. ಅದರದೂ ನಮ್ದೂ ಒಂದ ಮನೆತನ ಅಲ್ಲೇನ್ರೀ?” ಎಂದುಬಿಟ್ಟೆ.

ನಮ್ಮ ಲ್ಯಾಬಿನ ಕಣ ಎಣಿಸುವ ಯಂತ್ರ ಆ ವಾರ ಕೆಟ್ಟು ಕೂತಿತ್ತು. ರಕ್ತದ ಟ್ಯೂಬನ್ನು ಮಧ್ಯಾಹ್ನದ ಬಸ್ಸಿಗೆ ಕಳಿಸಿದೆ. ಕಳಿಸುವ ಮುಂಚೆ ಒಂದು ಹನಿ ತೆಗೆದು ಗಾಜಿನ ಮೇಲೆ ಎಳೆದು ಒಣಗಲು ಇಟ್ಟೆ. ಹೊರಗೆ ಹೋಗುವ ಟ್ಯೂಬ್ ಯಾವುದೇ ಇರಲಿ, ಒಂದು ಹನಿ ಮನೆಯಲ್ಲಿ ಉಳಿಯಬೇಕು ಎಂಬುದು ನನಗೆ ಕೆಲಸ ಕಲಿಸಿದವರ ರೂಢಿ.

ಮೂರನೇ ದಿನ ವರದಿ ಬಂತು. ಬಿಳಿಕಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದನ್ನು ಹಿಡಿದುಕೊಂಡು ನಾನೇ ಕುಳಗಿಗೆ ಹೋದೆ.

ತಾಯಿಮಂಗ ಗೋಡೆಗೆ ಒರಗಿ ಕೂತಿತ್ತು. ಮರಿ ಅದರ ಕಿವಿ ಹಿಡಿದು ಜಗ್ಗುತ್ತಿತ್ತು. ಇರ್ಫಾನ್ ವರದಿಯನ್ನು ಎರಡು ಸಲ ಓದಿದರು. “ಬಿಳಿಕಣ ಹುಟ್ಟೋ ಅಸ್ಥಿಮಜ್ಜೆನ ಸತ್ತೈತಿ. ಇನ್ನ ನರಳಸೂದು ಬ್ಯಾಡ. ನಾಳೆ ಮುಂಜಾನೆ ಮಲಗಿಸಿಬಿಡೂಣು.” ಮಲಗಿಸುವುದೆಂದರೆ ಮತ್ತೆ ಏಳದ ಹಾಗೆ.

ಅದನ್ನು ನೋಡಿಕೊಳ್ಳುತ್ತಿದ್ದವನು ಸಾಂಬ್ರಾಣಿ ಊರಿನ ಅರಣ್ಯ ವಾಚರ್ ಬಸವಣ್ಣೆಪ್ಪ. “ಸಾಹೇಬ್ರ, ಕೂಸು ಇನ್ನೂ ಮಲಿ ಬಿಟ್ಟಿಲ್ಲ. ಯಾರ ಕೈಯಾಗ ಕೊಡ್ತೀರಿ ಅದನ್ನ?”

“ನಿನ್ನ ಕೈಯಾಗ ಕೊಡ್ತೇನಿ. ಬಾಟಲಿ ಹಾಲು ಕುಡಸು.”

“ನನ್ನ ಮೀಸಿ ನೋಡಿದ್ರ ಇರೋ ಹಾಲೂ ಕಕ್ಕತೈತ್ರಿ ಅದು.”

ಯಾರೂ ನಗಲಿಲ್ಲ. ಹೇಳಿದವನೇ ಮುಖ ತಿರುಗಿಸಿ, ಅರಿವೆ ಒದ್ದೆ ಮಾಡಿಕೊಂಡು ಮಂಗದ ಸೊಂಟ ಒರೆಸತೊಡಗಿದ. ಮಾಗಿದ ಗಾಯದ ಕಲೆಯ ಅಂಚಿನಲ್ಲಿ ಒಂದು ಸಣ್ಣ ಗುಳ್ಳೆಯಿತ್ತು. ಅರಿವೆ ತಾಗಿದ್ದೇ ಒಡೆದು ಹಳದಿ ಕೀವು ಎಳೆಯಾಗಿ ಇಳಿಯಿತು.

ನಾನು ನೋಡುತ್ತ ನಿಂತೆ. ಕೀವು ಅಂದರೆ ಮುಖ್ಯವಾಗಿ ಸೋಂಕಿನ ಜೊತೆ ಹೋರಾಡಿ ಸತ್ತ ಬಿಳಿಕಣಗಳೇ. ಮೈಯಲ್ಲಿ ಬಿಳಿಕಣವೇ ಇಲ್ಲವಾದರೆ ಇದು ಎಲ್ಲಿಂದ ಬಂತು?

“ಸರ್, ನಾ ಫೋನ್ ಮಾಡೂತನಕ ಸೂಜಿ ಮುಟ್ಟಬ್ಯಾಡ್ರಿ.”

ಲ್ಯಾಬಿಗೆ ಬಂದು, ಎತ್ತಿಟ್ಟಿದ್ದ ಗಾಜಿಗೆ ಬಣ್ಣ ಹಾಕಿದೆ. ಹತ್ತು ನಿಮಿಷ ಕಾಯುವುದು ಅಷ್ಟು ಉದ್ದವೆಂದು ಅಂದೇ ತಿಳಿದದ್ದು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಎಲ್ಲೆಲ್ಲೂ ಬಿಳಿಕಣ! ಸೋಂಕು ಬಂದಾಗ ಹೆಚ್ಚುವ ನ್ಯೂಟ್ರೋಫಿಲ್‌ಗಳು ಗುಂಪು ಗುಂಪಾಗಿ ಕೂತಿದ್ದವು. ಅಸ್ಥಿಮಜ್ಜೆ ಸತ್ತಿರಲಿಲ್ಲ, ಹಗಲೂ ರಾತ್ರಿ ದುಡಿಯುತ್ತಿತ್ತು.

ಫೋನಿನಲ್ಲಿ ಮೊದಲು ಅದನ್ನೇ ಹೇಳಿದೆ. ಆಮೇಲೆ, “ಕಿಟ್ ನಡೀತೈತಿ ಅಂದಾಕಿ ನಾನ. ತಪ್ಪು ನಂದ್ರಿ ಸರ್.”

ಇರ್ಫಾನ್ ಅಂದರು, “ನಾನರ ಎಲ್ಲಿ ಪುಸ್ತಕ ತಗದು ನೋಡಿದ್ದೆ ಬಿಡ್ರಿ. ನಾಳೆ ಗಾಯ ಬಿಚ್ಚಿ ನೋಡ್ತೇನಿ.”

ಧಾರವಾಡದವರಿಗೂ ತಿಳಿಸಿದೆ. ಅವರು ಸಿಡಿ45 ಬಿಟ್ಟು, ಕಣಗಳ ಗಾತ್ರ ಹಿಡಿದು ಅದೇ ಲೆಕ್ಕವನ್ನು ಮತ್ತೆ ತೆಗೆದರು. ಸಿಡಿ4, ಸಿಡಿ8 ಎರಡೂ ಚೆನ್ನಾಗಿಯೇ ಕಂಡವು. ಸಿಡಿ45 ಮಂಗಕ್ಕೂ ಇದೆ. ಆದರೆ ಆ ಕಿಟ್ಟಿನ ಆಂಟಿಬಾಡಿ ಹಿಡಿದುಕೊಳ್ಳುವ ಜಾಗದ ಆಕಾರ ಅದರಲ್ಲಿ ತುಸು ಬೇರೆ. ಮನೆಯಲ್ಲಿ ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿ ಇರುತ್ತವೆ, ಒಂದರ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ. ಕೂರಲಿಲ್ಲವೆಂದು ಡಬ್ಬಿಯೇ ಇಲ್ಲ ಎನ್ನುವವರುಂಟೇ? ನಾವು ಮಾಡಿದ್ದು ಅದನ್ನೇ.

ಮರುದಿನ ಗಾಯ ಬಿಚ್ಚಿದಾಗ ಒಳಗೆ ಬೆರಳುದ್ದದ ಬಿದಿರಿನ ಸಿಬಿರು ಸಿಕ್ಕಿತು. ಗಾಡಿ ಬಡಿದಾಗ ಮೆಳೆಯ ಮೇಲೆ ಬಿದ್ದಿರಬೇಕು. ಐದನೇ ದಿನ ಜ್ವರ ಬಿಟ್ಟಿತು. ಬಸವಣ್ಣೆಪ್ಪನೇ ಫೋನ್ ಮಾಡಿದ: “ಅಕ್ಕಾರ, ಇವತ್ತ ನನ್ನ ಕೈ ಪರಚಿ ಬಾಳಿಹಣ್ಣು ಕಸ್ಕೊಂತ್ರಿ!” ಬೈಗುಳವೋ ಸಂಭ್ರಮವೋ ಎಂದು ಕೇಳುವ ಅಗತ್ಯವಿರಲಿಲ್ಲ.

ಕಾಡಿಗೆ ಬಿಡುವ ದಿನ ನನ್ನನ್ನೂ ಕರೆದರು. ಪಂಜರದ ಬಾಗಿಲು ತೆಗೆದಾಗ ತಾಯಿ ಮರಿಯನ್ನು ಹೊಟ್ಟೆಗೆ ಒತ್ತಿಕೊಂಡು ಒಂದೇ ನೆಗೆತಕ್ಕೆ ಮತ್ತಿ ಮರ ಏರಿತು. ಎಲೆಗಳ ನಡುವೆ ಮರಿಯ ಬಾಲ ಮಾತ್ರ ಸ್ವಲ್ಪ ಹೊತ್ತು ಕಾಣುತ್ತಿತ್ತು.

ಈಗ ಯಾವ ವರದಿಯಲ್ಲಾದರೂ ‘ಇಲ್ಲ’ ಎಂದು ಬಂದರೆ ಹುಡುಕಿದ ದಾರಿ ಸರಿಯಿತ್ತೇ ಎಂದು ಮೊದಲು ವಿಚಾರಿಸುತ್ತೇನೆ. ನನ್ನ ಕೈಗೆ ಸಿಗದ್ದೆಲ್ಲ ಸತ್ತಿರುವುದಿಲ್ಲ. ಇಷ್ಟು ಕಲಿಯಲು ನನಗೆ ಇಪ್ಪತ್ತೆರಡು ವರ್ಷದ ನೌಕರಿ ಬೇಕಾಯಿತು. ಅದರ ಬೆಲೆಯನ್ನು ಆ ಮರಿ ತೆರಬೇಕಾಗಿ ಬರಲಿಲ್ಲ ಎಂಬುದೇ ನನ್ನ ಸಮಾಧಾನ.