ಏಳನೆಯ ಗೂಟ

ಏಳನೆಯ ಗೂಟವನ್ನು ನಾನು ಬೇಕಂತಲೇ ಹೊಡೆಯಲಿಲ್ಲ. ಮರೆತದ್ದಲ್ಲ, ಕಟ್ಟಿಗೆ ಸಾಲದೆ ಹೋದದ್ದಲ್ಲ, ಎಪ್ಪತ್ತರ ಹತ್ತಿರ ಬಂದ ಕಣ್ಣಿನ ದೋಷವೂ ಅಲ್ಲ. ಆ ಗೂಟದ ಉದ್ದ ಅರ್ಧ ಇಂಚು. ಅಷ್ಟು ಜಾಗದಲ್ಲಿ ಒಬ್ಬ ಮನುಷ್ಯನಿಂದ ಅವನ ತಾಯಿಯನ್ನು ಕಸಿದುಕೊಳ್ಳಬಹುದೆಂದು ನನಗೆ ಗೊತ್ತಿತ್ತು — ಗೊತ್ತಿದ್ದೇ ಮಾಡಿದೆ. ಆ ಮನುಷ್ಯ ನನ್ನ ಒಡಹುಟ್ಟಿದ ಅಣ್ಣ. ತಾಯಿ ನನ್ನವಳೂ ಹೌದು.

ಗೋಕಾಕದ ಸಾಲೆಯೊಂದರಲ್ಲಿ ಚಿತ್ರಕಲೆಯ ಮಾಸ್ತರನಾಗಿದ್ದವನು ನಾನು. ಬಿಡುವಿನಲ್ಲಿ ಹಳೆಯ ಕಾಲದ ಖೋಲಿಗಳನ್ನು ಪುಟ್ಟದಾಗಿ ಕಟ್ಟುತ್ತೇನೆ. ನಿಜದ ಒಂದು ಅಡಿ ನನ್ನಲ್ಲಿ ಒಂದು ಇಂಚು. ಊರಿನ ಗೊಂಬೆ ಮಾಡುವವರು ಬಿಟ್ಟ ಹಗುರ ಕಟ್ಟಿಗೆಯ ತುಂಡು, ಕರದಂಟಿನ ಡಬ್ಬಿಯ ರಟ್ಟು, ಜರಡಿ ಹಿಡಿದ ಮಣ್ಣು — ಸಾಮಗ್ರಿ ಇಷ್ಟೇ. ಗಿರಣಿ ಚಾಳಿನ ಖೋಲಿ, ಒಂದು ಕ್ಷೌರದಂಗಡಿ, ಒಂದು ಹಳೆಯ ಸರಕಾರಿ ಕಚೇರಿ: ಈ ಮೂರು ಸಂಸ್ಥಾನಗಳು ಈಗಲೂ ನನ್ನ ಅಟ್ಟದ ಮೇಲೆ ರಾಜ್ಯವಾಳುತ್ತಿವೆ. ಅವುಗಳ ಕಾನೂನಿಗೆ ಒಂದೇ ಕಲಮು. ಆ ಕಾಲದಲ್ಲಿ ಇಲ್ಲದಿದ್ದ ಒಂದು ಮೊಳೆಯೂ ಒಳಗೆ ಬರಕೂಡದು. ಇದ್ದ ಒಂದು ಮೊಳೆಯೂ ಹೊರಗುಳಿಯಕೂಡದು. ಕ್ಷೌರದಂಗಡಿಯ ಕನ್ನಡಿ ಎಡಗೋಡೆಗಿತ್ತೋ ಬಲಗೋಡೆಗಿತ್ತೋ ಎಂಬ ಮಹಾಪ್ರಶ್ನೆಯನ್ನು ಇತ್ಯರ್ಥ ಮಾಡಲು, ಅಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರನ್ನು ಹುಡುಕಿಕೊಂಡು ಎರಡು ಸಲ ನಾಗನೂರಿಗೆ ಹೋಗಿ ಬಂದಿದ್ದೇನೆ. ‘ಮಾಸ್ತರ ಖೋಲಿ ಸುಳ್ಳ ಹೇಳಂಗಿಲ್ಲ’ ಎಂದು ಜನ ಅನ್ನುತ್ತಿದ್ದರು. ಆ ಹೆಸರು ಗಳಿಸಲು ಮೂವತ್ತು ವರ್ಷ ಹಿಡಿಯಿತು. ಅದನ್ನು ಯಾವುದಕ್ಕೆ ಬಳಸಿದೆನೆಂದರೆ —

ಮೊದಲು ಚಹಾದ ಸಂಗತಿ ಹೇಳಬೇಕು.

ನನ್ನ ನಿವೃತ್ತಿಯ ದಿನ ಸಾಲೆಯವರು ಸತ್ಕಾರ ಇಟ್ಟುಕೊಂಡಿದ್ದರು. ವೇದಿಕೆಯ ಮೇಜಿನ ಮೇಲೆ, ನಾಲ್ಕು ವರ್ಷ ಕೂತು ಕಟ್ಟಿದ ಆ ಹಳೆಯ ಕಚೇರಿ. ಹುಕ್ಕೇರಿಯಿಂದ ಅಣ್ಣ ಮಾಳಪ್ಪ ಬಂದಿದ್ದ — ಕುರಿ ಮತ್ತು ಉಣ್ಣೆಯ ವ್ಯಾಪಾರದಲ್ಲಿ ಮೇಲೆ ಬಂದ ಗೃಹಸ್ಥ, ತಲೆಗೆ ರುಮಾಲು, ಯಾವ ಸಭೆಯನ್ನೂ ನಗಿಸಬಲ್ಲ ಬಾಯಿ. ಎರಡು ಮಾತು ಆಡಿರೆಂದು ಅವನ ಕೈಗೆ ಮೈಕು ಕೊಟ್ಟರು. ಕೈಯಲ್ಲಿದ್ದ ಚಹಾದ ಕಪ್ಪನ್ನು ಇಡಲು ಅವನು ಅತ್ತಿತ್ತ ನೋಡಿದ. ನೋಡಿ, ನನ್ನ ಕಚೇರಿಯ ಮಾಳಿಗೆಯ ಮೇಲೆ ಇಟ್ಟ.

“ನಮ್ಮಪ್ಪ ಒಬ್ಬವನ್ನ ಕುರಿಗಿ ಕಳಸಿದ, ಒಬ್ಬವನ್ನ ಸಾಲಿಗಿ ಕಳಸಿದ. ಕುರಿಗಿ ಹ್ವಾದಾವ ಮನಿ ಕಟ್ಟಿದ್ನಿ. ಸಾಲಿಗಿ ಹ್ವಾದಾವ ನೋಡ್ರಿ, ಅರವತ್ತ ವರ್ಷ ತುಂಬಿದ ಮ್ಯಾಲ ಗೊಂಬಿಮನಿ ಕಟ್ಯಾನ.”

ಸಭೆ ನಕ್ಕಿತು. ಹೆಡ್ ಮಾಸ್ತರರು ಕರವಸ್ತ್ರ ಬಾಯಿಗೆ ಹಿಡಿದು, ಹುದ್ದೆಗೆ ತಕ್ಕಷ್ಟು ನಕ್ಕರು. ನನ್ನ ಹೆಂಡತಿಯೂ — ಇರಲಿ. ಕಪ್ಪು ಎತ್ತಿದಾಗ ಮಾಳಿಗೆಯ ಮೇಲೆ ಒಂದು ಕಂದು ಉಂಗುರ ಉಳಿದಿತ್ತು. ಅದನ್ನು ಒರೆಸಬಹುದಿತ್ತು; ಮೇಲೊಂದು ಕೈ ಬಣ್ಣ ಬಳಿಯಬಹುದಿತ್ತು. ನಾನು ಅದನ್ನು ಜೋಪಾನ ಮಾಡಿದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಆಮೇಲೆ ಅಟ್ಟಕ್ಕೆ ಹತ್ತಿ ಆ ಉಂಗುರದ ದರ್ಶನ ಮಾಡಿಕೊಂಡು ಇಳಿಯುತ್ತಿದ್ದೆ. ಎಂಟು ವರ್ಷ, ಒಂದು ದಿನವೂ ತಪ್ಪದೆ. ದೇವರ ಪೂಜೆ ಒಮ್ಮೊಮ್ಮೆ ತಪ್ಪಿದ್ದುಂಟು.

ಸೇಡಿಗೆ ಬಾಗಿಲು ತೆರೆದುಕೊಟ್ಟವಳು ಅಣ್ಣನ ಮಗಳು ಸುಮಿತ್ರಾ. ಹುಕ್ಕೇರಿಯಲ್ಲಿ ಅವರು ಹೊಸ ಮನೆ ಕಟ್ಟಿಸುತ್ತಿದ್ದರು. ಪಾಪದ ಹುಡುಗಿ, ನನ್ನ ಕೆಲಸವನ್ನು ಮೆಚ್ಚುವವಳು, ಫೋನು ಮಾಡಿದಳು.

“ಕಾಕಾ, ಮೂಡಲಗಿ ಮನಿ ನಾವ್ಯಾರೂ ನೋಡಿಲ್ಲ. ಅಪ್ಪಗ ಗೊತ್ತಾಗದಂಗ ಮಾಡಿಕೊಡ್ರಿ. ಹಾಲಿನ್ಯಾಗ ಗಾಜಿನ ಪೆಟಗಿ ಮಾಡಿಸಿ ಇಡತೇವಿ.”

“ಯಾವ ವರ್ಷದ ಮನಿ ಬೇಕವ್ವಾ?”

“ಅದನ್ನ ನೀವ ನೋಡ್ರಿ. ನಮಗೇನ ತಿಳೀತೈತಿ.”

ವರ್ಷವನ್ನು ನನ್ನ ಕೈಗೆ ಬಿಟ್ಟಳು. ಫೋನು ಇಟ್ಟ ಮೇಲೆ ಅಟ್ಟಕ್ಕೆ ಹತ್ತಿ ಉಂಗುರಕ್ಕೆ ಶುಭವಾರ್ತೆ ತಿಳಿಸಿದೆ.

ಮೂಡಲಗಿಯ ಮನೆಯೆಂದರೆ ಒಂದೇ ಖೋಲಿ. ಒಂದು ಮೂಲೆಗೆ ಅಪ್ಪನ ಕಂಬಳಿ ಮಗ್ಗ, ಇನ್ನೊಂದು ಮೂಲೆಗೆ ಒಲೆ ಮತ್ತು ಬೀಸುಕಲ್ಲು. ಉದ್ದನೆಯ ಗೋಡೆಗೆ ಏಳು ಗೂಟ, ಏಳು ಜನಕ್ಕೆ. ಅಜ್ಜ, ಆಯಿ, ಅಪ್ಪ, ಅವ್ವ, ಕಾಕಾ, ಆಮೇಲೆ ನಾನು, ಬಾಗಿಲ ಬಾಜೂಕೆ ಕೊನೆಯದು ಅಣ್ಣನದು. ನಮಗೆ ಪೆಟ್ಟಿಗೆ ಕಪಾಟು ಏನೂ ಇರಲಿಲ್ಲ. ಆ ಮನೆಯಲ್ಲಿ ನಿನ್ನದು ಅನ್ನುವುದು ಏನಾದರೂ ಇದ್ದರೆ ಅದು ನಿನ್ನ ಗೂಟ. ಅಣ್ಣನಿಗೆ ಹತ್ತು ವರ್ಷ, ನನಗೆ ಆರು ಇದ್ದಾಗ ಅವನನ್ನು ಅಂಕಲಗಿಯ ಸೋದರಮಾವನ ಕುರಿಹಿಂಡಿನ ಹಿಂದೆ ಕಳಿಸಿದರು. ಇಬ್ಬರನ್ನೂ ಸಾಲೆಗೆ ಹಾಕುವ ತ್ರಾಣ ಅಪ್ಪನಿಗೆ ಇರಲಿಲ್ಲ. ಹಿಂಡು ಊರೂರು ಅಲೆಯುತ್ತಿತ್ತು. ಆರು ವರ್ಷ ಅವನು ಮನೆಗೆ ಬರಲಿಲ್ಲ. ಬರುವ ಹೊತ್ತಿಗೆ ಅಪ್ಪ ಗಿರಣಿ ಕೆಲಸ ಹಿಡಿದು ನಮ್ಮನ್ನೆಲ್ಲ ಗೋಕಾಕದ ಚಾಳಿಗೆ ತಂದಿದ್ದ, ಮೂಡಲಗಿಯ ಮನೆ ಬಿದ್ದುಹೋಗಿತ್ತು. ಅಂದರೆ — ತಾನು ಹೋದ ಮೇಲೆ ಆ ಗೋಡೆ ಹೇಗಿತ್ತೆಂದು ಅಣ್ಣ ಎಂದೂ ನೋಡಿಲ್ಲ. ನೋಡಿದವರ ಪೈಕಿ ಇಂದು ಉಳಿದಿರುವವನು ನಾನೊಬ್ಬ.

ನಾನು ನೋಡಿದ್ದು ಇಷ್ಟು. ಅವನು ಹೋದ ಮೇಲೆ ನಾವು ಆ ಮನೆಯಲ್ಲಿ ಇದ್ದಷ್ಟು ದಿನವೂ ಏಳನೆಯ ಗೂಟ ಖಾಲಿ ಇತ್ತು. ಅವ್ವ ಅದಕ್ಕೆ ಯಾರಿಗೂ ಏನನ್ನೂ ಹಾಕಗೊಡಲಿಲ್ಲ. ಒಮ್ಮೆ ನಾನು ಸಾಲೆಯಿಂದ ಬಂದವನೇ ಪಾಟಿಚೀಲ ಅದಕ್ಕೆ ಸಿಗಿಸಿದೆ. ಅವ್ವ ಬಯ್ಯಲಿಲ್ಲ, ಹೊಡೆಯಲಿಲ್ಲ, ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದು ಚೀಲ ತೆಗೆದು ನನ್ನ ಕೈಗೆ ಕೊಟ್ಟು, “ಅದು ಮಾಳ್ಯಾಂದು. ನಾಳೆ ಅಂವ ಬಂದ್ರ ಅಂಗಿ ಎಲ್ಲಿ ಹಾಕ್ಯಾನು?” ಅಂದಳು. ಗೂಟಕ್ಕೆ ಹತ್ತಿದ ಹಿಟ್ಟನ್ನು ಸೆರಗಿನಿಂದ ಒರೆಸಿದಳು.

ನಾನು ಆರಿಸಿಕೊಂಡದ್ದು ಅಣ್ಣ ಹೋದ ಮರುವರ್ಷ. ಮಗ್ಗ ಕಟ್ಟಿದೆ, ಬೀಸುಕಲ್ಲು ಕೊರೆದೆ, ಒಲೆಯ ಹಿಂದಿನ ಗೋಡೆಗೆ ಮಸಿ ಹಿಡಿಸಿದೆ. ಆರು ಗೂಟ ಹೊಡೆದು ಆರಕ್ಕೂ ಅವರವರ ಅರಿವೆ ಹಾಕಿದೆ, ನನ್ನದಕ್ಕೆ ಪಾಟಿಚೀಲ. ಏಳನೆಯದರ ಜಾಗವನ್ನು ಬರಿದೇ ಬಿಟ್ಟಿದ್ದರೆ ಅದು ಬರೀ ಮರೆವಾಗುತ್ತಿತ್ತು. ನಾನು ಅಲ್ಲಿ ತೂತು ಕೊರೆದೆ. ಕೊರೆದು ಮಣ್ಣು ಮೆತ್ತಿದೆ, ಸುತ್ತಲಿನ ಗೋಡೆಗಿಂತ ತುಸು ತಿಳಿಯಾದ ಮಣ್ಣು — ಇದ್ದ ಗೂಟವನ್ನು ಕಿತ್ತು ಮುಚ್ಚಿದ ಹಾಗೆ. ಸಾಸಿವೆಯಷ್ಟು ಆ ಗುರುತಿಗೆ ಮೂರು ದಿನ ಹಿಡಿಯಿತು. ನನ್ನ ಜನ್ಮದಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದು. ಇದನ್ನು ಹೆಮ್ಮೆಯಿಂದ ಬರೆಯುತ್ತಿದ್ದೇನೋ ನಾಚಿಕೆಯಿಂದಲೋ — ನಿಜ ಹೇಳಬೇಕೆಂದರೆ ಎರಡೂ ಇವೆ.

ಹೊಸ ಮನೆಯ ವಾಸ್ತುಶಾಂತಿಯ ದಿನ, ಊಟಕ್ಕೆ ಮೊದಲು, ನೆಂಟರಿಷ್ಟರೆಲ್ಲ ನೆರೆದ ಹಾಲಿನಲ್ಲಿ ಸುಮಿತ್ರಾ ಗಾಜಿನ ಪೆಟ್ಟಿಗೆಯ ಮುಸುಕು ತೆಗೆದಳು. ಅಣ್ಣ ಕನ್ನಡಕ ಏರಿಸಿ ಬಗ್ಗಿದ. ಈ ಸಲ ಅವನು ನಗೆಮಾತು ಆಡಲಿಲ್ಲ. “ಅಪ್ಪನ ಮಗ್ಗ,” ಅಂದ. “ಆಯಿ ಬೀಸೂಕಲ್ಲ.” ಆಮೇಲೆ ಗಾಜಿನ ಮೇಲೆ ಬೆರಳಿಟ್ಟು ಗೂಟಗಳನ್ನು ಒಂದೊಂದಾಗಿ ಹೆಸರು ಹಿಡಿದು ಎಣಿಸತೊಡಗಿದ. ಬೆರಳು ಬಾಗಿಲ ಹತ್ತಿರ ಬಂದು ನಿಂತಿತು.

“ಇಲ್ಲೊಂದು ನಂದಿತ್ತಲ್ಲೋ ಬೀರ್ಯಾ.”

“ಇತ್ತು. ನೀ ಹ್ವಾದ ಮ್ಯಾಲ ಕಿತ್ತಿದ್ರು.”

“ಯಾರು?”

ಅಪ್ಪ ಅನ್ನಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. ಇಡೀ ಹಾಲು ಕೇಳುವಂತೆ, ಪಾಠ ಹೇಳುವ ದನಿಯಲ್ಲಿ ಅಂದೆ:

“ಅವ್ವ.”

ಅವನ ಬೆರಳು ಇನ್ನೂ ಆ ಮೆತ್ತಿದ ಮಣ್ಣಿನ ಎದುರಿಗೇ ಇತ್ತು. “ಇರಲಿ,” ಅಂದ. “ಜಾಗಾ ಸಣ್ಣದಿತ್ತು.” ರುಮಾಲು ಸರಿ ಮಾಡಿಕೊಂಡು, ಬಂದವರಿಗೆ ಎಲೆ ಹಾಕಿಸಲು ಹೋದ.

ಅಂದು ಗೋಕಾಕದಲ್ಲಿ ಬಸ್ಸಿಳಿದವನು ಮನೆಗೆ ಹೋಗಲಿಲ್ಲ. ಸಕ್ಕರೆ ಕಾಯಿಲೆಯ ಮನುಷ್ಯ ನಾನು — ಪಾವು ಕಿಲೋ ಕರದಂಟು ಕೊಂಡು, ಬಸ್‌ಸ್ಟ್ಯಾಂಡಿನ ಕಂಬಕ್ಕೆ ಆತು ನಿಂತು, ಒಂದು ಚೂರೂ ಉಳಿಸದೆ ತಿಂದೆ. ಅಷ್ಟು ರುಚಿಯಾದದ್ದನ್ನು ಮುಂಚೆ ಎಂದೂ ತಿಂದಿರಲಿಲ್ಲ.

ಅಣ್ಣ ಸಿಟ್ಟು ಮಾಡಿದ್ದರೆ, ಪೆಟ್ಟಿಗೆಯನ್ನು ಹೊರಗೆ ಹಾಕಿಸಿದ್ದರೆ, ನಾವಿಬ್ಬರೂ ಸರಿಸಮ ಎಂದುಕೊಂಡು ನೆಮ್ಮದಿಯಾಗಿ ಸಾಯುತ್ತಿದ್ದೆ. ಅವನು ಅದನ್ನು ಮಾಡಲಿಲ್ಲ. ಹೋದ ತಿಂಗಳು ಹುಕ್ಕೇರಿಗೆ ಹೋಗಿದ್ದೆ. ಒಳಗೆ ಉಣ್ಣುತ್ತ ಕೂತಿದ್ದಾಗ ಹಾಲಿನಲ್ಲಿ ಅವನ ದನಿ ಕೇಳಿಸಿತು. ಯಾರೋ ಬೀಗರಿಗೆ ಪೆಟ್ಟಿಗೆ ತೋರಿಸುತ್ತಿದ್ದ.

“ನನ್ನ ತಮ್ಮ ಮಾಡಿದ್ದು. ಮೊಳಿ ಸೈತ ಖರೆ ಇರತಾವ್ರಿ ಇವಂದು. ಇಲ್ಲಿ ನಂದೊಂದು ಗೂಟ ಇತ್ತು. ಕಿತ್ತ ಗುರ್ತ ನೋಡ್ರಿ, ಅದನ್ನೂ ಬಿಟ್ಟಿಲ್ಲ ಅಂವ.”

“ಯಾಕ ಕಿತ್ತಿದ್ರಂತ್ರಿ?”

“ಮನ್ಯಾಗ ಇರದವಗ ಗೂಟ ಯಾಕ್ರಿ.”

ಬೀಗರು ನಕ್ಕರು. ಅವನೂ ನಗಿಸುವಂತೆಯೇ ಹೇಳಿದ್ದ. ಬಡಿಸುತ್ತಿದ್ದ ಸುಮಿತ್ರಾ ಮೆಲ್ಲಗೆ ಅಂದಳು: “ಆಯಿ ಫೋಟೋಕ್ಕ ದಿನಾ ತಾನ ಹೂವಾ ಏರಸ್ತಿದ್ದ ಕಾಕಾ. ವಾಸ್ತುಶಾಂತಿ ಆದಾಗಿಂದ, ಈಗ ನಾಕ ವರ್ಷಾತು, ನೀವ ಏರಸ್ರಿ ಅಂತಾನ. ಯಾಕೋ ಏನೋ.”

ಅವಳ ಆಯಿಯೆಂದರೆ ನಮ್ಮ ಅವ್ವ. ಯಾಕೆಂದು ಬಲ್ಲವನು ಅವಳ ಎದುರಿಗೇ ಕೂತು ಅವಳ ರೊಟ್ಟಿ ತಿನ್ನುತ್ತಿದ್ದ. ನಿವೃತ್ತಿಯ ದಿನ ಅಣ್ಣನ ಬಾಯಿಂದ ಕೇಳಬೇಕೆಂದಿದ್ದ ಮಾತು ಇದೇ — ನನ್ನ ತಮ್ಮ ಮಾಡಿದ್ದು, ಮೊಳೆ ಸಹಿತ ಖರೆ. ಕೊನೆಗೂ ಕೇಳಿದೆ. ಅದನ್ನು ಯಾವುದರ ಮೇಲೆ ಬೆರಳಿಟ್ಟು ಹೇಳಿದನೆಂದರೆ —

ಗೂಟ ಕೆತ್ತಿದ್ದೇನೆ. ಬೆಂಕಿಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದೇನೆ. ಸದ್ದಿಲ್ಲದೆ ಹೋಗಿ ಗಾಜು ಸರಿಸಿ ಚುಚ್ಚಿ ಬಂದರೆ ಗೋಡೆ ಸರಿಯಾದೀತು. ಅಣ್ಣನಿಗೆ ಏನೂ ಸಿಕ್ಕುವುದಿಲ್ಲ. ಅವ್ವನನ್ನು ಅವನಿಗೆ ಮರಳಿ ಕೊಡಬೇಕಾದರೆ ನನ್ನ ಖೋಲಿಗಳು ಸುಳ್ಳು ಹೇಳುತ್ತವೆಂದು ಮೊದಲು ಹೇಳಬೇಕು, ಅದೂ ಅಂದಿನ ಹಾಗೆ ಹಾಲು ತುಂಬ ಜನರಿದ್ದಾಗ. ಆಮೇಲೆ, ಸುಳ್ಳು ಹೇಳಿದವನ ಬಾಯಿಂದ ಬಂದ ನಿಜವನ್ನು ಅವನು ನಂಬುತ್ತಾನೋ ಇಲ್ಲವೋ — ನಂಬದಿದ್ದರೆ ಅದನ್ನೂ ನಾನೇ ಹೊರಬೇಕು. ಚಹಾದ ಉಂಗುರದ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಅದನ್ನು ಕಾರಣವೆಂದು ಮುಂದೆ ಹಿಡಿಯುವುದಿಲ್ಲ.

ಅಣ್ಣನಿಗೆ ಓದು ಬಾರದು. ಇದನ್ನೆಲ್ಲ ಕಾಗದದ ಮೇಲೆ ಇಷ್ಟು ಧೈರ್ಯದಿಂದ ಬರೆಯಲು ಸಾಧ್ಯವಾದದ್ದು ಅದರಿಂದಲೇ. ಬರುವ ಸೋಮವಾರ ಹುಕ್ಕೇರಿಯಲ್ಲಿ ಅವನ ಮೊಮ್ಮಗಳ ನಿಶ್ಚಯ, ಜನ ಬರುತ್ತಾರೆ. ಬೆಂಕಿಪೆಟ್ಟಿಗೆಯನ್ನೂ ಈ ಹಾಳೆಗಳನ್ನೂ ತಗೊಂಡು ಹೋಗಿ, ಆ ಪೆಟ್ಟಿಗೆಯ ಮುಂದೆ ನಿಂತು, ಮೊದಲ ಸಾಲಿನಿಂದ ಅವನಿಗೆ ಓದಿ ಹೇಳುತ್ತೇನೆ. ನನಗೆ ಓದು ಬರುತ್ತದೆ. ಅವನು ಕುರಿ ಕಾಯಲು ಹೋದದ್ದಕ್ಕೇ ಬರುತ್ತದೆ.