ಓರೆ ತಂತಿಯ ಆಳ

ನಮ್ಮ ನಡುಮನೆಯ ಮೊಳೆಗೆ ಒಂದು ಬಾವಿಹಗ್ಗ ನೇತಾಡುತ್ತಿದೆ. ಬಾವಿ ಬತ್ತಿ ಎಷ್ಟೋ ಕಾಲವಾಯಿತು, ಬಾಗಿಲಿಗೇ ನಲ್ಲಿ ಬಂದಿದೆ, ಆದರೂ ಹಗ್ಗ ಗಟ್ಟಿಯಿರುವುದರಿಂದ ಬಿಸಾಡಿಲ್ಲ. ಎರಡು ಕೈ ಚಾಚಿದಷ್ಟು ಉದ್ದಕ್ಕೆ ನಾವು ಮಾರು ಅನ್ನುತ್ತೇವೆ. ಮಾರಿಗೊಂದು ಸೀರೆ ಚಿಂದಿ ಕಟ್ಟಿದ್ದೆ. ಆರನೇ ಚಿಂದಿ ಕೈಗೆ ಬಂತೆಂದರೆ ನೀರು ಆರು ಮಾರು ಕೆಳಗಿದೆ ಎಂದರ್ಥ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಈ ಲೆಕ್ಕ ಸಾಕು ಅಂದುಕೊಂಡಿದ್ದೆ. ಎಡವಿದ್ದು ಅಲ್ಲೇ ನೋಡಿ.

ಹೋದ ಬೇಸಿಗೆಯಲ್ಲಿ ನನ್ನ ತಂಗಿ ಜಯಮ್ಮ ಜ್ವರ ಬಿಟ್ಟ ಮೇಲೆ ಜಡಿಗೇನಹಳ್ಳಿಯಿಂದ ನಮ್ಮಲ್ಲಿಗೆ ಬಂದಳು. ಜ್ವರದ ಜೊತೆಗೆ ಬಾಯಿರುಚಿಯೂ ಹೋಗಿತ್ತು. ಮುದ್ದೆ ಇಟ್ಟರೆ ಮಣ್ಣು ಅನ್ನುವಳು, ಅನ್ನ ಇಟ್ಟರೆ ಸುಣ್ಣ ಅನ್ನುವಳು. ಕೊರಳಿನ ಎಲುಬು ಎದ್ದು ಕಂಡಾಗ, ಹೀಗೇ ಆದರೆ ಇವಳು ಉಳಿಯಲ್ಲ ಅಂತ ನನಗೆ ಖಾತ್ರಿಯಾಯಿತು. ಒಂದು ದಿನ ತಾನಾಗೇ, "ಅಕ್ಕ, ನಿಮ್ಮ ಕೆರೆ ಬಾಳೆಮೀನಿನ ಸಾರಾದ್ರೆ ನಾಕು ತುತ್ತು ಇಳೀಬೋದು ಕಣೇ" ಅಂದಳು.

ಬಾಳೆಮೀನು ಬೇಸಿಗೆಯಲ್ಲಿ ಕೆಸರಿನ ಮೇಲೇ ಮಲಗಿರುತ್ತದೆ, ಬಲೆಗೆ ಸಿಕ್ಕುವ ಜಾತಿಯಲ್ಲ. ಅಳಿಯ ನಂಜುಂಡನ ಹತ್ತಿರ ಕಡಲ ಕಡೆಯ ಗೆಳೆಯನೊಬ್ಬ ಕೊಟ್ಟ ಸಾಮಾನಿತ್ತು: ಉರುಳೆಗೆ ಸುತ್ತಿದ ಸಣ್ಣ ತಂತಿ, ತುದಿಯಲ್ಲಿ ಗಾಳ ಸಿಕ್ಕಿಸಿದ, ಫಳಫಳ ಹೊಳೆಯುವ ತಗಡಿನ ಮೀನು, ಅದಕ್ಕೆ ಸ್ವಲ್ಪ ಮುಂದೆ ಅಂಗೈಯಷ್ಟು ಹಲಗೆ. ತೆಪ್ಪ ಎಳೆದ ಹಾಗೆಲ್ಲ ಹಲಗೆ ಮೂಗು ತಗ್ಗಿಸಿ ನೀರೊಳಗೆ ಇಳಿಯುತ್ತದೆ, ತಗಡನ್ನೂ ಎಳೆದೊಯ್ಯುತ್ತದೆ. ಅಬ್ಬಾ, ಎಂಥ ತಲೆ ಓಡಿಸಿದ್ದಾರೆ!

ಕೆರೆಯ ಮೀನು ಗುತ್ತಿಗೆ ಹಿಡಿದವರನ್ನು ಕೇಳಿ ತೆಪ್ಪ ಹತ್ತಿದೆವು. ಅಳಿಯ ಹುಟ್ಟು ಹಾಕಿದ, ನಾನು ತಂತಿ ಹಿಡಿದೆ. ತೂಬಿನ ಕಲ್ಲಿನ ಗೆರೆ ನೀರು ಎರಡೂವರೆ ಮಾರು ಅಂತ ಹೇಳುತ್ತಿತ್ತು. ಬಾವಿಹಗ್ಗದ ಲೆಕ್ಕದಲ್ಲೇ ತಂತಿಗೆ ಮಾರಿಗೊಂದು ಕೆಂಪು ದಾರ ಕಟ್ಟಿ, ಎರಡೂವರೆ ಮಾರು ಬಿಟ್ಟೆ. ಮಧ್ಯಾಹ್ನದ ತನಕ ಸುತ್ತಿದರೂ ಒಂದು ಮೀನೂ ಮೂಸಲಿಲ್ಲ.

"ಅತ್ತೆ, ಮೀನಿಗೆ ನಿಮ್ಮ ಮುಖ ಕಂಡಿರ್ಬೇಕು."

"ನಿನ್ನ ಬೆವರು ನಾರಿರ್ತದೆ, ಸುಮ್ನೆ ಹುಟ್ಟು ಹಾಕಪ್ಪ."

ಮನೆಗೆ ಬಂದು, ಅಟ್ಟದ ಮೇಲಿನ ಹುಣಸೆಹಣ್ಣಿಗೆಂದು ಏಣಿ ಇಟ್ಟೆ. ಏಣಿಯ ಕಾಲನ್ನು ಗೋಡೆಯಿಂದ ದೂರಕ್ಕೆ ಇಟ್ಟಿದ್ದರಿಂದ ಅಟ್ಟ ಕೈಗೆಟುಕಲಿಲ್ಲ. ಎತ್ತರದ ಏಣಿ, ಓರೆಗೆ ನಿಂತು ಗಿಡ್ಡವಾಗಿತ್ತು! ನನ್ನ ತಲೆಯಲ್ಲಿ ಟಣ್ ಅಂತ ಬಾರಿಸಿದ ಹಾಗಾಯಿತು. ಬಾವಿಯಲ್ಲಿ ಹಗ್ಗ ನೆಟ್ಟಗೆ ಇಳಿಯುತ್ತದೆ. ಕೆರೆಯಲ್ಲಿ ತೆಪ್ಪದ ಹಿಂದೆ ತಂತಿ ಮಲಗಿಕೊಂಡೇ ಬರುತ್ತದೆ. ನನ್ನ ತಗಡಿನ ಮೀನು ಬೆಳಿಗ್ಗೆಯೆಲ್ಲ ನಡುನೀರಿನಲ್ಲಿ ಈಜಿತ್ತು.

ಮಾರನೇ ದಿನ ತೂಬಿನ ಪಕ್ಕದಲ್ಲೇ, ಹುಟ್ಟಿನ ಬೀಸು ಒಂದೇ ಸಮ ಇರಿಸಿ, ಒಂದೊಂದೇ ಮಾರು ಹೆಚ್ಚಿಸುತ್ತಾ ಹೋದೆ. ತಂತಿ ನೈಲಾನ್ ದಾರದ ಹಾಗೆ ಹಿಗ್ಗುವುದಿಲ್ಲ, ಕೆಳಗಿನ ಸುದ್ದಿಯನ್ನು ಚಾಡಿಕೋರನ ಹಾಗೆ ನೇರ ಕೈಗೆ ಮುಟ್ಟಿಸುತ್ತದೆ. ನಾಕು, ಐದು, ಆರು ಮಾರಿನ ತನಕ ಹಲಗೆಯ ನಡುಕ ಒಂದೇ ಸಮನೆ ಇತ್ತು. ಏಳಕ್ಕೆ ತಡೆದು ತಡೆದು ಬಂತು. ಎಳೆದು ನೋಡಿದರೆ ಹಲಗೆಯ ಮೂಗಿಗೆ ಕೆಸರು!

"ಏಳು ಮಾರು ಬಿಟ್ರೆ ಎರಡೂವರೆ ಮಾರಿನ ಆಳ ಕಣಪ್ಪ! ಇನ್ನು ಆರಕ್ಕೆ ನಿಲ್ಲಿಸ್ತೀನಿ, ಕೆಸರಿಗಿಂತ ಒಂಚೂರು ಮೇಲೆ. ಜೋರು ಮಾಡ್ಬೇಡ, ತಂತಿ ಮೇಲೇಳ್ತದೆ."

ಮೂರನೇ ಸುತ್ತಿಗೆ ತಂತಿ ಕೈಯನ್ನೇ ಕಿತ್ತುಕೊಂಡು ಹೋಗುವ ಹಾಗೆ ಜಗ್ಗಿತು. ಸೆರಗು ಸುತ್ತಿಕೊಂಡಿದ್ದಕ್ಕೆ ಬೆರಳು ಉಳಿಯಿತು. ಹಲಗೆ ಮಗುಚಿ ಮೇಲೆ ತೇಲಿತು, ಹಿಂದೆಯೇ ಅಗಲ ಬಾಯಿ ಬಿಟ್ಟುಕೊಂಡು ಮೊಳಕ್ಕಿಂತ ಉದ್ದದ ಬಾಳೆಮೀನು! ಅಳಿಯ ಕುಣಿದ ಅಬ್ಬರಕ್ಕೆ ತೆಪ್ಪ ಮುಳುಗಬೇಕಿತ್ತು. ಕೂಗಿದ್ದು ಮಾತ್ರ ನಾನೇ ಜಾಸ್ತಿ.

ಸಾರು ಇಳಿಸಿ ಬಡಿಸಿದೆ. ಜಯಮ್ಮ ಒಂದು ತುತ್ತು ಬಾಯಿಗಿಟ್ಟು, ಮುಖ ಕಿವುಚಿ ನನ್ನನ್ನೇ ನೋಡಿದಳು.

"ಏನಕ್ಕ ಇದು, ಉಪ್ಪೇ ಹಾಕಿಲ್ವಲ್ಲ!"

ನಿಜ, ಗಡಿಬಿಡಿಯಲ್ಲಿ ಮರೆತಿದ್ದೆ. ಆದರೆ ಉಪ್ಪಿಲ್ಲ ಅಂತ ಆ ನಾಲಿಗೆಗೆ ತಿಳಿಯಿತಲ್ಲ! ಉಪ್ಪಿನ ಭರಣಿಯನ್ನೇ ತಂದು ಅವಳ ಮುಂದಿಟ್ಟೆ. ಎರಡು ಮುದ್ದೆ ಉಂಡಳು.

ಈಗ ಆ ಮೊಳೆಯಲ್ಲಿ ಬಾವಿಹಗ್ಗದ ಪಕ್ಕಕ್ಕೆ ತಂತಿಯ ಉರುಳೆಯೂ ಇದೆ. ನೆಟ್ಟಗೆ ಇಳಿಯುವ ಹಗ್ಗಕ್ಕೆ ಎರಡೂವರೆ ಚಿಂದಿ ಸಾಕು, ಓರೆ ತಂತಿಗೆ ಏಳು ದಾರ ಬೇಕು. ಎರಡೂ ಮುಟ್ಟುವುದು ಒಂದೇ ಆಳ. ಜಯಮ್ಮ ನಮ್ಮಲ್ಲಿಗೆ ಬಂದಾಗಲೆಲ್ಲ ಆ ಕಡೆ ಈ ಕಡೆ ಹೋಗುವಾಗ ಉರುಳೆಯನ್ನು ಒಮ್ಮೆ ತಿರುಗಿಸಿ, "ಮತ್ತೆ ಕೆರೆಗೆ ಯಾವಾಗಕ್ಕ?" ಅನ್ನುತ್ತಾಳೆ.