ಗುದ್ದುವುದನ್ನು ಬಿಟ್ಟ ಹೊರೇಸ್

ನನ್ನ ತಮ್ಮ ಹೊರೇಸ್ ಟೆಬಟ್ ಚಳಿಗಾಲದಲ್ಲಿ ಫುಟ್‌ಬಾಲ್ ಆಡುತ್ತಿದ್ದ, ಬೇಸಿಗೆಯಲ್ಲಿ ನಮ್ಮ ಕೌಂಟಿಯ ಪರವಾಗಿ ಕ್ರಿಕೆಟ್. ಬೂಟು ಹೊಲಿದು ಬದುಕುವ ನಮ್ಮ ಊರಿನಲ್ಲಿ ಎರಡೂ ಆಟದಿಂದ ಹೊಟ್ಟೆ ಹೊರೆದವನು ಅವನೊಬ್ಬನೇ. ಅಪ್ಪ, ಅಮ್ಮ ಬೇಗ ಹೋದರು. ಮುಂದಿನ ಕೋಣೆಯಲ್ಲಿ ಕೂತು ಕಾರ್ಖಾನೆಯ ಚರ್ಮ ಹೊಲಿಯುತ್ತ ನಾನೇ ಅವನನ್ನು ದೊಡ್ಡವನನ್ನಾಗಿ ಮಾಡಿದೆ.

ಕ್ರಿಕೆಟ್ಟಿನಲ್ಲಿ ಅವನು ನಿಧಾನಿ. ಫುಟ್‌ಬಾಲಿನಲ್ಲಿ ಮಾತ್ರ ಗೂಳಿ. ಚೆಂಡು ಹಿಡಿದ ಗೋಲ್‌ಕೀಪರನನ್ನು ಭುಜದಿಂದ ಗುದ್ದಿ ಚೆಂಡಿನ ಸಮೇತ ಗೆರೆಯಾಚೆ ತಳ್ಳಿದರೆ ಆ ಕಾಲದಲ್ಲಿ ಅದೂ ಗೋಲೇ. ಹಾಗೆ ಗುದ್ದುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಜನ ಟಿಕೆಟ್ಟು ಕೊಂಡು ಬರುತ್ತಿದ್ದದ್ದೇ ಅದನ್ನು ನೋಡಲು.

ಸಾವಿರದ ಒಂಬೈನೂರ ಏಳರ ಜನವರಿಯ ಒಂದು ಶನಿವಾರ ಬಡಗಣ ಗಣಿ ಊರಿನ ತಂಡವೊಂದು ನಮ್ಮಲ್ಲಿಗೆ ಆಡಲು ಬಂತು. ಅವರ ಗೋಲ್‌ಕೀಪರ್ ಸಿಡ್ನಿ ರೆಡ್‌ಫರ್ನ್, ತೆಳ್ಳನೆಯ ಹುಡುಗ. ಹೊರೇಸ್ ಗುದ್ದಿದ, ಅವನು ಹಿಂದಕ್ಕೆ ಬಿದ್ದ, ತಲೆ ಕಂಬಕ್ಕೆ ತಾಗಿತು. ಎದ್ದು ನಕ್ಕನಂತೆ, ಪೂರ್ತಿ ಆಟ ಆಡಿದನಂತೆ. ಸೋಮವಾರ ಬೆಳಿಗ್ಗೆ ತೀರಿಕೊಂಡ.

ಸುದ್ದಿ ತಂದವನು ತಂಡದ ಕಾರ್ಯದರ್ಶಿ ಡನ್‌ಕ್ಲಿ. ಹೊರೇಸ್ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬೂಟಿಗೆ ಕೊಬ್ಬು ಹಚ್ಚುತ್ತಿದ್ದ.

"ಹೊರೇಸ್, ಆ ಹುಡುಗ ಹೋಗಿಬಿಟ್ನಪ್ಪ. ನಿಂದೇನೂ ತಪ್ಪಿಲ್ಲ, ರೆಫರೀನೂ ಅದನ್ನೇ ಹೇಳ್ತಾನೆ."

"ಹೂಂ," ಎಂದ ಹೊರೇಸ್. ಇನ್ನೊಂದು ಬೂಟು ಕೈಗೆ ತೆಗೆದುಕೊಂಡ.

ಹುಡುಗನ ಮಣ್ಣಿಗೆ ಹೋಗುತ್ತೇನೆ ಎಂದು ಹೊರೇಸ್ ಹೊರಟಾಗ ಡನ್‌ಕ್ಲಿಯೇ ತಡೆದ. "ನೀನು ಅಲ್ಲಿ ಕಾಣಿಸ್ಕೊಳ್ಳೋದು ಬೇಡ. ತಂಡದಿಂದ ಹೂವು ಕಳಿಸ್ತೀವಿ." ವಿಚಾರಣೆಯಲ್ಲಿ ಆಕಸ್ಮಿಕ ಎಂದು ತೀರ್ಮಾನವಾಯಿತು. ಆ ವಾರವೆಲ್ಲ ಅವನು ಇಟ್ಟದ್ದನ್ನು ತಿಂದ, ಹೊತ್ತಿಗೆ ಸರಿಯಾಗಿ ಮಲಗಿದ. ಅಳುತ್ತಾನೇನೋ ಎಂದು ನಾನು ಬಾಗಿಲ ಬಳಿ ನಿಂತು ಕೇಳಿದ್ದೂ ಉಂಟು. ಗೊರಕೆ ಕೇಳಿಸಿತು.

ಮುಂದಿನ ಶನಿವಾರ ಎರಡು ಗೋಲು ಹೊಡೆದ. ಜನ ಅವನನ್ನು ಹೆಗಲ ಮೇಲೆ ಹೊತ್ತು ಮನೆಯವರೆಗೆ ತಂದುಬಿಟ್ಟರು.

"ಹೇಗಿತ್ತೋ?" ಎಂದೆ.

"ಗೊತ್ತಾಗ್ಲಿಲ್ಲ ಅಕ್ಕ. ಕಿವಿಗೆ ಹತ್ತಿ ತುರುಕಿದ ಹಾಗಿತ್ತು."

ಆಗಸ್ಟಿನಲ್ಲಿ ಕೌಂಟಿ ತಂಡ ಅದೇ ಗಣಿ ಊರಿಗೆ ಕ್ರಿಕೆಟ್ ಆಡಲು ಹೋಯಿತು. ನಮ್ಮ ಕಾರ್ಖಾನೆಗಳಿಗೆ ರಜದ ವಾರ. ನಾನೂ ರೈಲು ಹತ್ತಿದೆ. ಯಾರಾದರೂ ಅವನಿಗೆ ಕಲ್ಲು ಹೊಡೆದಾರೆಂಬ ಭಯ ನನಗೆ. ಯಾರೂ ಹೊಡೆಯಲಿಲ್ಲ. ಊಟದ ನಂತರ ಹೊರೇಸ್ ನನ್ನ ಬೆಂಚಿನ ಮುಂದೆಯೇ, ಗೆರೆಯ ಪಕ್ಕ ಫೀಲ್ಡಿಂಗಿಗೆ ನಿಂತ. ಕಪ್ಪು ಕೋಟಿನ ಮುದುಕರೊಬ್ಬರು ಬಂದು ಅವನ ಬೆನ್ನ ಹಿಂದೆ ಹುಲ್ಲಿನ ಮೇಲೆ ಕೂತರು.

"ಟೆಬಟ್ ಅಂದ್ರೆ ನೀನೇ ಏನಪ್ಪ?"

"ಹೌದು."

"ನಾನು ಸಿಡ್ನಿಯ ತಂದೆ."

ಹೊರೇಸ್ ತಿರುಗಲಿಲ್ಲ. ಬೌಲರ್ ಓಡಿ ಬರುತ್ತಿದ್ದ. ಆ ಚೆಂಡು ಮುಗಿದ ಮೇಲೆ ಮುದುಕರು ಕೇಳಿದರು, "ಒಂದೇ ಒಂದು ಮಾತು. ನಮ್ಮ ಹುಡುಗ ಆವತ್ತು ಚೆಂಡನ್ನ ಬರೀ ಕೈಯಲ್ಲಿ ಹಿಡ್ಕೊಂಡಿದ್ನಾ, ಎದೆಗೆ ಅವುಚಿಕೊಂಡಿದ್ನಾ?"

"ಎದೆಗೆ."

"ಬಿಡಲಿಲ್ವಾ?"

"ಇಲ್ಲ. ಬಿದ್ದ ಮೇಲೂ ಬಿಡಲಿಲ್ಲ."

"ಎದೆಗೆ ಅವುಚ್ಕೋ, ಏನಾದ್ರೂ ಬಿಡಬೇಡ ಅಂತ ನಾನೇ ಹೇಳ್ಕೊಟ್ಟಿದ್ದು," ಎಂದರು ಮುದುಕರು. ಹುಲ್ಲು ಕಿತ್ತು ಬೆರಳಲ್ಲಿ ಹೊಸೆಯುತ್ತ ಕೂತರು.

ಸ್ವಲ್ಪ ಹೊತ್ತಿಗೆ ಚೆಂಡೊಂದು ಎತ್ತರಕ್ಕೆ ಹಾರಿ ನೇರ ಇವನ ಕಡೆಗೇ ಬಂತು. ಹಿಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಮುದುಕರೂ ತಟ್ಟಿದರು. ಆಮೇಲೆ ಟೋಪಿ ಹಾಕಿಕೊಂಡು ಎದ್ದು ಹೋದರು. ಅವರ ಹಿಂದೆ ಹೋಗಿ ಏನಾದರೂ ಹೇಳಬೇಕೆಂದು ಎದ್ದೆ. ಎರಡು ಹೆಜ್ಜೆ ಇಟ್ಟು, ಮತ್ತೆ ಬಂದು ಕೂತೆ.

ಮುಂದಿನ ಚಳಿಗಾಲಕ್ಕೆ ಹೊರೇಸ್ ಮತ್ತೆ ಫುಟ್‌ಬಾಲಿಗೆ ಇಳಿದ. ಓಡಿದ, ಒದ್ದ. ಆದರೆ ಗೋಲ್‌ಕೀಪರ್ ಚೆಂಡು ಹಿಡಿದ ಕೂಡಲೇ ಇವನ ಕಾಲು ನಿಂತುಬಿಡುತ್ತಿತ್ತು. ಜನ ಮೊದಮೊದಲು ನಕ್ಕರು.

"ಏನೋ ಟೆಬಟ್ಟೂ, ಅವನೇನು ನಿನ್ನ ಮಾವನಾ? ಮರ್ಯಾದೆ ಜೋರಾಗಿದೆ!"

"ನಮಸ್ಕಾರ ಮಾಡಿ ಬಾರಪ್ಪ!"

ನವೆಂಬರಿನಲ್ಲಿ ನಗುವುದನ್ನೂ ಬಿಟ್ಟರು. ಡನ್‌ಕ್ಲಿ ಮನೆಗೆ ಬಂದು ಟೋಪಿ ತಿರುವುತ್ತ ನಿಂತ. "ಬೇಕೂಂತ ಮಾಡ್ತಿದ್ದೀಯೇನೋ?"

"ಇಲ್ಲ. ಗುದ್ದಬೇಕೂಂತಲೇ ಓಡ್ತೀನಿ. ಹತ್ರ ಹೋದ್ಮೇಲೆ ಆಗಲ್ಲ."

"ಹಾಗಾದ್ರೆ ನಾನೇನು ಮಾಡ್ಲಿ ಹೇಳು."

"ಬೇರೆಯವರನ್ನ ಆಡಿಸಿ," ಎಂದ ಹೊರೇಸ್, ಮಳೆ ಬರುವ ಹಾಗಿದೆ ಎಂಬಷ್ಟೇ ಸಲೀಸಾಗಿ.

ಕ್ರಿಕೆಟ್ಟು ಮಾತ್ರ ಇನ್ನೂ ಐದಾರು ಬೇಸಿಗೆ ನಡೆಯಿತು. ಬೆಳಿಗ್ಗೆ ಬ್ಯಾಟು ಹಿಡಿದು ಹೋದರೆ ಮಧ್ಯಾಹ್ನದವರೆಗೆ ಔಟಾಗುತ್ತಿರಲಿಲ್ಲ, ರನ್ನೂ ಅಷ್ಟಾಗಿ ಬರುತ್ತಿರಲಿಲ್ಲ. ಪತ್ರಿಕೆಯವರು "ನಂಬಿಕಸ್ತ" ಎಂದು ಬರೆದರು. ಮೊಣಕಾಲು ಕೈಕೊಟ್ಟ ವರ್ಷ ಬಿಟ್ಟ. ಕೌಂಟಿಯವರು ಗೋಡೆ ಗಡಿಯಾರ ಕೊಟ್ಟು, ಎರಡು ಮಾತಾಡಪ್ಪ ಎಂದರು. "ಉಪಕಾರವಾಯ್ತು," ಎಂದು ಹೇಳಿ ಕೂತುಬಿಟ್ಟ.

ಮನೆಗೆ ನಡೆದು ಬರುವಾಗ ಕೇಳಿದೆ, "ಇಷ್ಟೆಲ್ಲ ಆಡಿದೆಯಲ್ಲೋ, ಯಾವ ದಿನ ಚೆನ್ನಾಗಿತ್ತು ನಿಂಗೆ?"

ಅವನು ನಿಜವಾಗಿಯೂ ಯೋಚಿಸಿದ. "ಮಳೆ ಬಂದು ಆಟ ನಿಂತ ದಿನಗಳು, ಅಕ್ಕ. ಒಳಗೆ ಕೂತು ಚಹಾ ಕುಡೀತಿದ್ವಲ್ಲ."

ಮೂಲೆ ಅಂಗಡಿಯಲ್ಲಿ ಕರಿದ ಮೀನು ಕೊಂಡು ನಿಂತೇ ತಿಂದೆವು. ಸೋಮವಾರ ಅವನು ಬೂಟು ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುವ ಕೆಲಸಕ್ಕೆ ಸೇರಿದ. ಈಗಲೂ ಅಲ್ಲೇ ಇದ್ದಾನೆ. ಕೈ ಚೆನ್ನಾಗಿದೆ, ಚರ್ಮ ಹಾಳು ಮಾಡುವುದಿಲ್ಲ ಎನ್ನುತ್ತಾರೆ.